ಐದಕ್ಕೂ ಒಂದೇ ಅರ್ಥವಾದರೆ ಐದು ಪದ ಯಾಕೆ ಮಿಸ್?

ಬೋಧನಾಭ್ಯಾಸದ ಮೊದಲ ಹಂತದಲ್ಲಿ ನನಗೆ ಸಿಕ್ಕಿದ್ದು ಶಿಕಾರಿಪುರ ತಾಲ್ಲೂಕಿನ ಒಂದು ಪ್ರೌಢಶಾಲೆ. ನನ್ನ ಬೋಧನಾ ವಿಷಯಗಳು ಭೌತಶಾಸ್ತ್ರ ಮತ್ತು ಗಣಿತ. ಆದರೆ ಶಾಲೆಯಲ್ಲಿ ಯಾರಾದರೂ ರಜೆ ಹಾಕಿದರೆ ಆ ಅವಧಿ ಪ್ರಶಿಕ್ಷಣಾರ್ಥಿಯ ತಲೆಗೇ ಬರುತ್ತದೆ ಎಂಬುದು ನಮಗೆಲ್ಲ ಗೊತ್ತಿರುವ ವಿಷಯ. ಹಾಗೆ ಒಂದು ದಿನ ಒಂಬತ್ತನೆಯ ತರಗತಿಗೆ ಇಂಗ್ಲಿಷ್ ಪದಗಳನ್ನು ಕಲಿಸಲು ಹೋದೆ. ನಮ್ಮ ಮೇಲ್ವಿಚಾರಕರೂ ಅಂದೇ ಬಂದು ಹಿಂದಿನ ಬೆಂಚಿನಲ್ಲಿ ಕುಳಿತರು.

ಬೋರ್ಡಿನ ಮೇಲೆ ಅಂದವಾಗಿ ಐದು ಪದ ಬರೆದೆ: ಟ್ವಿಂಕಲ್, ಗ್ಲಿಟರ್, ಶಿಮ್ಮರ್, ಸ್ಪಾರ್ಕಲ್, ಗ್ಲೋ. ಎದುರಿಗೆ ಒಂದು ದೊಡ್ಡ ಕಂಸ ಹಾಕಿ 'ಹೊಳೆ, ಪ್ರಕಾಶಿಸು' ಎಂದು ಬರೆದೆ. ಕಿಟಕಿಯ ಪಕ್ಕದ ಹುಡುಗನೊಬ್ಬ ಎದ್ದು ನಿಂತು, "ಐದಕ್ಕೂ ಒಂದೇ ಅರ್ಥವಾದ್ರೆ ಐದು ಪದ ಯಾಕೆ ಮಿಸ್?" ಎಂದ. ಸಮಾನಾರ್ಥಕ ಪದಗಳು, ಬರೆದುಕೋ ಎಂದೆ. ಅವನು ಬಿಡಲಿಲ್ಲ. "ಗ್ಲೋ ಅಂದ್ರೆ ಕೆಂಡ ನಿಗಿನಿಗಿ ಅನ್ನೋದಾ?" ಎಂದು ಕೇಳಿದ. ತರಗತಿ ಗೊಳ್ಳೆಂದು ನಕ್ಕಿತು. ಹಿಂದಿನ ಬೆಂಚಿನ ಕಡೆ ಒಮ್ಮೆ ನೋಡಿದ ನಾನು, "ಮನೆ ಮಾತು ಬೇಡ, ಪುಸ್ತಕದ ಮಾತು ಹೇಳು" ಎಂದುಬಿಟ್ಟೆ.

ಆ ಪಾಠಕ್ಕೆ ನನಗೆ ಒಳ್ಳೆಯ ಅಂಕ ಬಂತು. ತರಗತಿ ನಿಯಂತ್ರಣ ಉತ್ತಮ, ಕಪ್ಪುಹಲಗೆ ಬಳಕೆ ಉತ್ತಮ, ಸಮಯ ಪಾಲನೆ ಉತ್ತಮ. ಆ ಹುಡುಗ ಮಾತ್ರ ನಾನು ಅಲ್ಲಿರುವವರೆಗೂ ನನ್ನ ಯಾವ ಅವಧಿಯಲ್ಲೂ ಮತ್ತೆ ಕೈ ಎತ್ತಲಿಲ್ಲ. ಅದನ್ನು ಬರೆಯಲು ವೀಕ್ಷಣಾ ನಮೂನೆಯಲ್ಲಿ ಜಾಗವಿರಲಿಲ್ಲ.

ಅವನ ಪ್ರಶ್ನೆಗೆ ಉತ್ತರ ನನ್ನ ವಿಷಯದಲ್ಲೇ ಇತ್ತು ಎಂಬುದೇ ನಾಚಿಕೆಯ ಸಂಗತಿ. ಹತ್ತನೆಯ ತರಗತಿಯ ವಿಜ್ಞಾನದಲ್ಲಿ ನಕ್ಷತ್ರ ಏಕೆ ಮಿನುಗುತ್ತದೆ ಎಂಬ ಪಾಠವಿದೆ. ದೂರದ ನಕ್ಷತ್ರದ ಬೆಳಕು ವಾತಾವರಣದ ಕದಲುವ ಪದರಗಳನ್ನು ದಾಟುವಾಗ ವಕ್ರೀಭವನಗೊಂಡು, ಒಮ್ಮೆ ಹೆಚ್ಚು ಒಮ್ಮೆ ಕಡಿಮೆ ನಮ್ಮ ಕಣ್ಣಿಗೆ ಬೀಳುತ್ತದೆ. ಅದು ಟ್ವಿಂಕಲ್. ಗ್ರಹಗಳು ನಮಗೆ ಹತ್ತಿರ, ಬರೀ ಚುಕ್ಕಿಯಲ್ಲ, ಹಾಗಾಗಿ ಮಿನುಗುವುದಿಲ್ಲ. ಜರಿಯ ಅಂಚಿನಲ್ಲಿ ನೂರಾರು ಪುಟ್ಟ ಮೈಗಳು ಬೇರೆ ಬೇರೆ ಕೋನದಲ್ಲಿ ಬೆಳಕನ್ನು ಪ್ರತಿಫಲಿಸಿದರೆ ಗ್ಲಿಟರ್. ಬೇಸಿಗೆಯ ಮಧ್ಯಾಹ್ನ ಡಾಂಬರು ರಸ್ತೆಯ ಮೇಲೆ ಕಾದ ಗಾಳಿ ನಡುಗಿದಂತೆ ಕಂಡರೆ ಶಿಮ್ಮರ್. ನಮ್ಮಲ್ಲಿ ಅದರ ಪಕ್ಕದಲ್ಲೇ ಬಿಸಿಲ್ಗುದುರೆ ಎಂಬ ಚೆಂದದ ಪದವಿದೆ. ಕೆಂಡದಂತೆ ವಸ್ತು ತಾನೇ ಬೆಳಕು ಕೊಟ್ಟರೆ ಗ್ಲೋ. ಐದು ಪದಗಳಿಗೆ ಐದು ಬಗೆಯ ಘಟನೆಗಳಿವೆ. ಕಂಸ ಹಾಕಿ ಅವನ್ನು ಒಂದು ಮಾಡಿದವಳು ನಾನು.

ಎರಡನೆಯ ಹಂತಕ್ಕೆ ಸೊರಬ ತಾಲ್ಲೂಕಿಗೆ ಹಾಕಿದರು. ಶಿಕಾರಿಪುರದಿಂದ ಶಿರಾಳಕೊಪ್ಪದ ಮೇಲೆ ಹೋಗುವ ಬಸ್ಸಿನಲ್ಲಿ ದಿನವೂ ಪಾಠಯೋಜನೆ ತಿದ್ದುವುದೇ ನನ್ನ ಕೆಲಸವಾಗಿತ್ತು. ಅಲ್ಲಿಯೂ ಒಂದು ಇಂಗ್ಲಿಷ್ ಅವಧಿ ಖಾಲಿ ಸಿಕ್ಕಾಗ, ಅದನ್ನು ನಾನೇ ಕೇಳಿ ಪಡೆದೆ. ಈ ಸಲ ಇಂಗ್ಲಿಷ್ ಪದವನ್ನು ಮೊದಲು ಬರೆಯಲಿಲ್ಲ. ನಿಮ್ಮ ಮನೆಯಲ್ಲಿ, ತೋಟದಲ್ಲಿ ಏನೇನು ಹೊಳೆಯುತ್ತದೆ, ಅದಕ್ಕೆ ಏನನ್ನುತ್ತೀರಿ ಎಂದು ಕೇಳಿದೆ. ಎರಡು ನಿಮಿಷ ಯಾರೂ ಬಾಯಿ ಬಿಡಲಿಲ್ಲ. ಆಮೇಲೆ ಶುರುವಾಯಿತು. ಹುಣಸೆಹಣ್ಣು ಹಾಕಿ ತಿಕ್ಕಿದ ಚೊಂಬು ಥಳಥಳ. ಮಳೆಗಾಲದ ಮಿಂಚು ಫಳಫಳ. ಮೈ ತೊಳೆದ ಎಮ್ಮೆ ಮಿರಮಿರ. ಜಾತ್ರೆಯ ಲೈಟು ಜಗಮಗ. ಅಡಿಕೆ ಬೇಯಿಸುವ ಒಲೆಯ ಕೆಂಡ ನಿಗಿನಿಗಿ. ಒಬ್ಬಳು, ದೀಪಾವಳಿಯಲ್ಲಿ ಅಂಟಿಗೆ ಪಂಟಿಗೆಯವರು ಮನೆಮನೆಗೆ ತರುವ ದೀಪ ಗಾಳಿಗೆ ಮಿಣಮಿಣ ಅನ್ನುತ್ತದೆ, ಆರಬಾರದು ಅಂತ ಅಜ್ಜ ಕೈ ಅಡ್ಡ ಹಿಡಿಯುತ್ತಾರೆ ಎಂದಳು.

ಬೋರ್ಡು ತುಂಬಿತು. ಆಗ ಕಂಡದ್ದು, ಎಲ್ಲವೂ ಜೋಡಿ ಪದಗಳೇ. ಕನ್ನಡ ವ್ಯಾಕರಣದಲ್ಲಿ ಇವನ್ನು ಅನುಕರಣಾವ್ಯಯ ಎಂದು ಮಕ್ಕಳು ಓದಿದ್ದಾರೆ, ಪರೀಕ್ಷೆಗೂ ಬರೆದಿದ್ದಾರೆ. ಬೆಳಕು ಒಂದೇ ಸಮ ಇರದೆ ಮತ್ತೆ ಮತ್ತೆ ಬಂದು ಹೋದರೆ ನಾವು ಪದವನ್ನು ಎರಡು ಸಲ ಹೇಳುತ್ತೇವೆ. ಇಂಗ್ಲಿಷಿನವರು ಅದೇ ಕೆಲಸವನ್ನು ಪದದ ಬಾಲದಲ್ಲಿ ಮಾಡುತ್ತಾರೆ. ಸ್ಪಾರ್ಕ್ ಎಂದರೆ ಒಂದು ಕಿಡಿ, ಅದಕ್ಕೆ ಎಲ್-ಇ ಸೇರಿದರೆ ಸ್ಪಾರ್ಕಲ್, ಮತ್ತೆ ಮತ್ತೆ ಕಿಡಿ. ಟ್ವಿಂಕಲ್‌ನಲ್ಲೂ ಅದೇ ಬಾಲ. ಗ್ಲಿಟರ್, ಶಿಮ್ಮರ್, ಫ್ಲಿಕರ್‌ಗಳಲ್ಲಿ ಇ-ಆರ್ ಬಾಲ. ಗ್ಲೋಗೆ ಬಾಲವಿಲ್ಲ, ಅದು ನಿಂತ ಬೆಳಕು. ಇದನ್ನು ಹೇಳಿದಾಗ ಮಕ್ಕಳು ಪಟ್ಟಂತ ಹಿಡಿದರು.

ಹಿಡಿದದ್ದು ಮಾತ್ರವಲ್ಲ, ನನ್ನನ್ನೇ ಹಿಡಿದರು. "ಹಾಗಾದ್ರೆ ನಿಗಿನಿಗಿ ಯಾಕೆ ಎರಡು ಸಲ?" ನನ್ನ ಬಳಿ ಉತ್ತರವಿರಲಿಲ್ಲ. ಹಿಂದಿನ ಸಾಲಿನಿಂದ ಒಬ್ಬ ಹೇಳಿದ: "ಊದಿದ್ರೆ ಕೆಂಪಾಗುತ್ತೆ, ಬಿಟ್ರೆ ಕಮ್ಮಿ ಆಗುತ್ತೆ, ಅದಕ್ಕೆ." ಒಲೆಯ ಮುಂದೆ ಕುಳಿತು ಊದಿದವನಿಗೆ ಮಾತ್ರ ಹೊಳೆಯುವ ಉತ್ತರ ಅದು. ಇನ್ನೊಬ್ಬಳು, ಮಿಂಚುಹುಳಕ್ಕೂ ಗ್ಲೋ ಅಂತೀರಲ್ಲ, ಹುಳ ನಿಗಿನಿಗಿ ಅನ್ನಲ್ಲ ಎಂದಳು. ಸರಿಯೇ. ಸುಮಾರು 525 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಕಾದ ವಸ್ತು ಮಂಕಾಗಿ ಕೆಂಪಗೆ ಕಾಣತೊಡಗುತ್ತದೆ. ಹುಳದ ಬೆಳಕು ರಾಸಾಯನಿಕ ಕ್ರಿಯೆಯದು, ಮುಟ್ಟಿದರೆ ಸುಡದು. ಇಂಗ್ಲಿಷ್ ಎರಡಕ್ಕೂ ಒಂದೇ ಪದ ಇಟ್ಟುಕೊಂಡಿದೆ. ನಮ್ಮವರು ಕೆಂಡಕ್ಕೆ ಒಂದು, ಹುಳಕ್ಕೆ ಒಂದು ಇಟ್ಟುಕೊಂಡಿದ್ದಾರೆ. ಭೌತಶಾಸ್ತ್ರವನ್ನು ಇಂಗ್ಲಿಷ್ ಅವಧಿಯಲ್ಲಿ, ಕನ್ನಡದ ಮೂಲಕ ಮಾಡಿದ್ದು ನನಗೆ ಅದೇ ಮೊದಲು.

ಗಂಟೆ ಹೊಡೆದಾಗ ಶಿಮ್ಮರ್ ಅರ್ಧಕ್ಕೇ ನಿಂತಿತ್ತು. ಸಮಯ ಪಾಲನೆಯಲ್ಲಿ ಅಂಕ ಹೋಯಿತು. 'ಇಂಗ್ಲಿಷ್ ತರಗತಿಯಲ್ಲಿ ಕನ್ನಡ ಹೆಚ್ಚಾಯಿತು' ಎಂಬ ಷರಾ ಕೂಡ ಬಂತು.

ಈ ಆಕ್ಷೇಪ ಪೂರ್ತಿ ತಪ್ಪಲ್ಲ. ಹಳ್ಳಿಯ ಮಕ್ಕಳಿಗೆ ಇಂಗ್ಲಿಷ್ ಕಿವಿಗೆ ಬೀಳುವುದೇ ಆ ನಲವತ್ತೈದು ನಿಮಿಷ. ಅದರಲ್ಲೂ ಕನ್ನಡವೇ ತುಂಬಿದರೆ ನಾಳೆ ಪಿಯುಸಿ ವಿಜ್ಞಾನಕ್ಕೆ ಹೋದಾಗ ಕಷ್ಟಪಡುವವರು ಅವರೇ. ಕನ್ನಡ ಮಾಧ್ಯಮದಿಂದ ಬಿಎಸ್ಸಿಗೆ ಹೋದ ನನಗೆ ಆ ಕಷ್ಟ ಚೆನ್ನಾಗಿ ಗೊತ್ತು. ಎಲ್ಲ ಪದಕ್ಕೂ ಹೀಗೆ ಮಾಡುತ್ತಾ ಕೂತರೆ ಪಠ್ಯ ಮುಗಿಯುವುದೂ ಇಲ್ಲ. ಆದರೆ ಬೋರ್ಡಿನ ಮೇಲೆ ಕಂಸ ಹಾಕಿ 'ಹೊಳೆ' ಎಂದು ಬರೆದಾಗಲೂ ನಾನು ಕನ್ನಡವನ್ನೇ ಬಳಸಿದ್ದೆ. ಆಗ ಯಾರೂ ಆಕ್ಷೇಪಿಸಲಿಲ್ಲ. ಅಂದರೆ ನಮ್ಮ ತಕರಾರು ಕನ್ನಡದ ಬಗ್ಗೆ ಅಲ್ಲ, ಮಕ್ಕಳು ತರುವ ಕನ್ನಡದ ಬಗ್ಗೆ. ಮನೆಯ ಭಾಷೆಯನ್ನು ತರಗತಿಯೊಳಗೆ ಬಿಟ್ಟುಕೊಳ್ಳಿ ಎಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳುತ್ತದೆ ಎಂದು ನಾವೇ ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದುಕೊಳ್ಳುತ್ತೇವೆ.

ನಮ್ಮ ವೀಕ್ಷಣಾ ನಮೂನೆಯಲ್ಲಿ ಒಂದು ಸಾಲು ಸೇರಿಸಬೇಕೆಂದು ನನ್ನ ಕೋರಿಕೆ: 'ಈ ಅವಧಿಯಲ್ಲಿ ವಿದ್ಯಾರ್ಥಿಗಳು ಕೇಳಿದ ಪ್ರಶ್ನೆಗಳು, ಅವಕ್ಕೆ ಸಿಕ್ಕ ಉತ್ತರ.' ಅಂಕ ಬೇಡ, ಬರೆದುಕೊಂಡರೆ ಸಾಕು. ಆ ಸಾಲು ಇದ್ದಿದ್ದರೆ ಶಿಕಾರಿಪುರದ ಆ ಪಾಠದ ಹಾಳೆಯಲ್ಲಿ ಎರಡು ಪ್ರಶ್ನೆ, ಒಂದು ಗದರಿಕೆ ದಾಖಲಾಗಿರುತ್ತಿತ್ತು.