ಟೆಫಲ್ ಕೋರ್ಸ್ ಆಮೇಲೆ, ಮೊದಲು ಇನಿಷಿಯಲ್ ಬಿಡಿಸಿ

(1/3)
ಹೊರದೇಶಕ್ಕೆ ಹೋಗಿ ಇಂಗ್ಲಿಷ್ ಪಾಠ ಮಾಡ್ಬೇಕು ಅಂದ್ಕೊಂಡಿರೋ ಕ್ಲಾಸ್‌ಮೇಟ್ಸ್, ಜೂನಿಯರ್ಸ್, ಇದು ನಿಮಗೇ. 120 ಗಂಟೆಯ ಟೆಫಲ್ ಕೋರ್ಸ್ ಜಾಹೀರಾತು ನಿಮ್ಮ ಫೀಡ್‌ನಲ್ಲೂ ಬರ್ತಿರುತ್ತೆ. "ಸರ್ಟಿಫಿಕೇಟ್ ತಗೊಳ್ಳಿ, ಕೊರಿಯಾಗೆ ಹಾರಿ" ಅಂತ. ದುಡ್ಡು ಕಟ್ಟೋ ಮುಂಚೆ ಒಂದು ನಿಮಿಷ ಇದನ್ನ ಓದಿ.

ಕೊರಿಯಾದಲ್ಲಿ ಇಂಗ್ಲಿಷ್ ಟೀಚರ್‌ಗೆ ಕೊಡೋದು ಇ-2 ವೀಸಾ. ಅದು ಏಳು ದೇಶದ ಪಾಸ್‌ಪೋರ್ಟ್ ಇರೋರಿಗೆ: ಅಮೆರಿಕ, ಬ್ರಿಟನ್, ಕೆನಡಾ, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ. ಭಾರತದ ಜೊತೆ 2010ರಿಂದ ಜಾರಿಯಲ್ಲಿರೋ ವ್ಯಾಪಾರ ಒಪ್ಪಂದದಲ್ಲಿ ನಮ್ಮವರಿಗೆ ಸಹಾಯಕ ಶಿಕ್ಷಕರಾಗೋ ಒಂದು ಸಣ್ಣ ಕಿಂಡಿ ಇದೆ, ಆದ್ರೆ ಅದಕ್ಕೆ ಶಿಕ್ಷಕ ಅರ್ಹತೆನೇ ಬೇಕು, ಆನ್‌ಲೈನ್ ಕೋರ್ಸ್ ಸಾಲಲ್ಲ.

ಜಪಾನ್‌ನ ಇನ್‌ಸ್ಟ್ರಕ್ಟರ್ ವೀಸಾಗೆ, ನೀವು ಕಲಿಸೋ ಭಾಷೆಯಲ್ಲೇ 12 ವರ್ಷ ಓದಿರಬೇಕು. ನಮ್ಮಲ್ಲಿ ಎಷ್ಟೋ ಜನ ಏಳನೇ ಕ್ಲಾಸ್‌ವರೆಗೆ ಕನ್ನಡ ಮೀಡಿಯಂ. ಲೆಕ್ಕ ಹಾಕಿ: ಹೈಸ್ಕೂಲ್ ಮೂರು, ಪಿಯು ಎರಡು, ಡಿಗ್ರಿ ಮೂರು, ಎಂ.ಎ. ಎರಡು. ಹತ್ತಕ್ಕೇ ನಿಂತೋಯ್ತು. ಅಷ್ಟು ಚೆನ್ನಾಗಿ ಇಂಗ್ಲಿಷ್ ಪಾಠ ಮಾಡೋರನ್ನ ಬಾಲ್ಯದ ಶಾಲೆ ನೋಡಿ ಅಳೆಯೋದು ನನಗಂತೂ ಅನ್ಯಾಯ ಅನ್ಸುತ್ತೆ. ಪಾಸ್‌ಪೋರ್ಟ್ ನೋಡಿ ಅಳೆಯೋದು ಅದಕ್ಕಿಂತ ದೊಡ್ಡ ಅನ್ಯಾಯ. ಆದ್ರೆ ಇದನ್ನ ಕೋರ್ಸ್ ಮಾರೋರು ಹೇಳಲ್ಲ, ಅದಕ್ಕೇ ನಾನು ಹೇಳ್ತಿದ್ದೀನಿ. ಮೊದಲು ದೇಶ, ಅದರ ವೀಸಾ ನಿಯಮ. ಕೋರ್ಸ್ ಆಮೇಲೆ.

(2/3)
ಈಗ ನಮ್ಮ ಕಡೆಯವರದ್ದೇ ಆದ ತಲೆನೋವು: ಹೆಸರು.

ಉದಾಹರಣೆಗೆ ಒಬ್ಬಳು ಸುಮಾ ಅಂದ್ಕೊಳ್ಳಿ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್‌ನಲ್ಲಿ "ಸುಮಾ ಕೆ. ಎಸ್.". ಕೆ ಅಂದ್ರೆ ಊರು, ಎಸ್ ಅಂದ್ರೆ ಅಪ್ಪ ಶಿವಣ್ಣ. ಡಿಗ್ರಿಯಲ್ಲಿ "ಕೆ. ಎಸ್. ಸುಮಾ". ಆಧಾರ್‌ನಲ್ಲಿ ಬರೀ "ಸುಮಾ". ಪಾಸ್‌ಪೋರ್ಟ್‌ನಲ್ಲಿ ಇನಿಷಿಯಲ್ ನಡೆಯಲ್ಲ, ಬಿಡಿಸಿ ಬರೀಬೇಕು. ಅಲ್ಲಿ ಅವಳು "ಸುಮಾ ಶಿವಣ್ಣ". ಊರಲ್ಲಿ ಎಲ್ಲರಿಗೂ ಗೊತ್ತು ಇವಳು ಒಬ್ಬಳೇ ಅಂತ. ಬೇರೆ ದೇಶದ ಆಫೀಸರ್ ಮುಂದೆ ನಾಲ್ಕು ಜನ!

ಅಪ್ಪನ ಹೆಸರು ಸರ್‌ನೇಮ್ ಆಗೋದು, ಊರಿನ ಹೆಸರು ಮನುಷ್ಯರ ಹೆಸರೊಳಗೆ ಬಂದು ಕೂರೋದು ಅವರಿಗೆ ಹೊಸದು. ಇದರಲ್ಲಿ ನಾಚಿಕೆ ಪಡೋದೇನಿಲ್ಲ. ಆದ್ರೆ ಪಾಸ್‌ಪೋರ್ಟ್ ಮಾಡಿಸೋವಾಗ್ಲೇ ಒಂದು ರೂಪ ನಿರ್ಧಾರ ಮಾಡಿ, ಮುಂದೆ ಬರೋ ಪ್ರತಿ ಕಾಗದದಲ್ಲೂ ಅದೇ ಬರಲಿ. ಈಗಾಗ್ಲೇ ಬೇರೆ ಬೇರೆ ಇದ್ರೆ "ಇವರಿಬ್ಬರೂ ಒಬ್ಬರೇ" ಅನ್ನೋ ಅಫಿಡವಿಟ್ ಸಾಕಾ, ಗೆಜೆಟ್‌ಗೇ ಹೋಗ್ಬೇಕಾ ಅಂತ ನಿಮ್ಮನ್ನ ಕರೆಸ್ಕೊಳ್ಳೋ ಶಾಲೆ ಹತ್ರ ಬರಹದಲ್ಲೇ ಕೇಳಿ. ಫೋನ್‌ನಲ್ಲಿ ಹೇಳಿದ "ಪರವಾಗಿಲ್ಲ" ಲೆಕ್ಕಕ್ಕಿಲ್ಲ. ಟೆಫಲ್ ಆಮೇಲೆ ಅಂದಿದ್ದು ಇದಕ್ಕೂ ಸೇರಿನೇ. ಆ ಸರ್ಟಿಫಿಕೇಟ್ ಕೂಡ ಪಾಸ್‌ಪೋರ್ಟ್ ಹೆಸರಲ್ಲೇ ಬರಬೇಕು, ಇನ್‌ಸ್ಟಾ ಹೆಸರಲ್ಲಲ್ಲ.

(3/3)
ಉಳಿದಿದ್ದು ಬೇಗ ಹೇಳ್ತೀನಿ. ಘಟಿಕೋತ್ಸವಕ್ಕೆ ಹೋಗ್ಲಿಲ್ಲ ಅಂತ ಎಷ್ಟು ಜನ ಡಿಗ್ರಿ ಸರ್ಟಿಫಿಕೇಟ್ ತಗೊಂಡೇ ಇಲ್ಲ, ಕೈ ಎತ್ತಿ. ಪ್ರೊವಿಷನಲ್ ನೆಚ್ಕೊಂಡು ಕೂರಬೇಡಿ, ಇವತ್ತೇ ಅರ್ಜಿ ಹಾಕಿ. ಅದಕ್ಕೆ ರಾಜ್ಯ ಸರ್ಕಾರದ ದೃಢೀಕರಣ ಆಗ್ಬೇಕು, ಆಮೇಲೆ ವಿದೇಶಾಂಗ ಸಚಿವಾಲಯದ ಅಪೊಸ್ಟೀಲ್. ಅಪೊಸ್ಟೀಲ್ ಒಪ್ಪಂದದಲ್ಲಿ ಭಾರತ 2005ರಿಂದ ಇದೆ. ನೀವು ಹೋಗೋ ದೇಶ ಅದರಲ್ಲಿ ಇಲ್ಲ ಅಂದ್ರೆ ಅಟೆಸ್ಟೇಷನ್ ಮಾಡಿಸಿ ಆ ದೇಶದ ಎಂಬಸಿಯ ಸೀಲ್ ಕೂಡ ಬೇಕು. ಅಪೊಸ್ಟೀಲ್‌ಗೆ ಸರ್ಕಾರದ ಶುಲ್ಕ ಒಂದು ಕಾಗದಕ್ಕೆ 50 ರೂಪಾಯಿ. ಏಜೆಂಟ್ ಸಾವಿರಗಟ್ಟಲೆ ಕೇಳಿದ್ರೆ ಯಾವುದಕ್ಕೆ ಎಷ್ಟು ಅಂತ ಬಿಡಿಸಿ ಬರೆದು ಕೊಡಿ ಅನ್ನಿ. ಓಡಾಡೋಕೆ ಆಗದೆ ಕೊಟ್ರೆ ತಪ್ಪಿಲ್ಲ, ಆದ್ರೆ ಒರಿಜಿನಲ್ ಕೊಟ್ಟಿದ್ದಕ್ಕೆ ರಶೀದಿ ಇಸ್ಕೊಳ್ಳಿ.

ಪೊಲೀಸ್ ಕ್ಲಿಯರೆನ್ಸ್ ಪಾಸ್‌ಪೋರ್ಟ್ ಸೇವಾ ಮೂಲಕವೇ ಮಾಡಿಸಿ, 500 ರೂಪಾಯಿ. ಇದೊಂದನ್ನ ಮಾತ್ರ ಆತುರ ಪಡಬೇಡಿ. ಎಷ್ಟೋ ಕಡೆ ಆರು ತಿಂಗಳಿಗಿಂತ ಹಳೇದು ಒಪ್ಪಲ್ಲ.

ಕೊನೇದಾಗಿ, "ಮೊದಲು ಟೂರಿಸ್ಟ್ ವೀಸಾದಲ್ಲಿ ಬಂದ್ಬಿಡಿ, ಆಮೇಲೆ ಸರಿ ಮಾಡೋಣ" ಅಂತ ಯಾರಾದ್ರೂ ಹೇಳಿದ್ರೆ ಹೋಗಲೇಬೇಡಿ. ಅಲ್ಲಿ ಹೋದ್ಮೇಲೆ ಸಂಬಳ ಕೊಡ್ಲಿಲ್ಲ ಅಂದ್ರೆ ಕಂಪ್ಲೇಂಟ್ ಕೊಡೋಕೂ ಆಗಲ್ಲ. ಕೆಲಸ ಮಾಡಿದ್ದೇ ನಿಮ್ಮ ಅಪರಾಧ ಆಗುತ್ತೆ, ಅವರಿಗೆ ಅದು ಚೆನ್ನಾಗಿ ಗೊತ್ತು.

ನಿಮ್ಮ ಹೆಸರು ಎಷ್ಟು ಕಾಗದದಲ್ಲಿ ಎಷ್ಟು ಥರ ಇದೆ? ಎಣಿಸಿ ಕಾಮೆಂಟ್ ಮಾಡಿ. ಹೆಸರು ಬರೀಬೇಡಿ, ಸಂಖ್ಯೆ ಮಾತ್ರ.