ಪರದೆಯ ಜೊತೆಗೊಂದು ದನಿ

ಗ್ರಂಥಾಲಯ ಬಳಸುವುದನ್ನು ಕಲಿಸುವ ವಿಡಿಯೊದಲ್ಲಿ ಪರದೆಯ ಮೇಲೆ ಬಾಣದ ಗುರುತು ಓಡಾಡಿದರೆ ಸಾಲದೇ, ವಿವರಣೆಯ ದನಿಯೂ ಬೇಕೇ? ಬೇಕೇ ಬೇಕು, ಅದೂ ಓದುಗರ ಮನೆಮಾತಿನಲ್ಲಿ.

ಜರ್ಮನಿಯ ಹರ್ಟ್ಸೋಗೆನಾವ್‌ರಾಕ್ ಸಣ್ಣ ಊರು. ಆದರೂ ಅಡಿಡಾಸ್, ಪೂಮಾ, ಶೆಫ್ಲರ್ ಮೂರೂ ಕಂಪನಿಗಳ ಕೇಂದ್ರ ಕಚೇರಿ ಅಲ್ಲೇ ಇರುವುದರಿಂದ ಹೊರದೇಶದವರು ಬರುತ್ತಲೇ ಇರುತ್ತಾರೆ. ಇಂಥ ಊರಿಗೆ ಬಂದಿಳಿದ ಕನ್ನಡ ಕುಟುಂಬಕ್ಕೆ, ಜರ್ಮನ್ ಬಾರದ ಮೊದಲ ತಿಂಗಳುಗಳಲ್ಲಿ, ಸಾರ್ವಜನಿಕ ಗ್ರಂಥಾಲಯ ದೊಡ್ಡ ಆಸರೆಯಾಗಬಲ್ಲದು. ಜರ್ಮನಿಯ ಗ್ರಂಥಾಲಯಗಳು 2007ರಿಂದ ‘ಆನ್‌ಲೈಯೆ’ ಎಂಬ ಜಾಲಸೇವೆಯ ಮೂಲಕ ಇ-ಪುಸ್ತಕಗಳನ್ನು ಎರವಲು ಕೊಡುತ್ತಿವೆ. ಆದರೆ ಬೇಕಾದ ಪುಸ್ತಕವನ್ನು ತೆರೆದರೆ, ಅದು ಬೇರೊಬ್ಬರ ಬಳಿ ಇದೆ ಎಂದು ತೋರಿಸಬಹುದು. ಕಂಪ್ಯೂಟರಿನ ಫೈಲು ಬೇರೊಬ್ಬರ ಬಳಿ ಇರುವುದೆಂದರೇನು? ದನಿಯಿಲ್ಲದ ವಿಡಿಯೊ ‘ಫೋರ್‌ಮೆರ್ಕೆನ್’ (ಕಾಯ್ದಿರಿಸು) ಗುಂಡಿ ಒತ್ತಿ ಮುಂದೆ ಹೋಗಿಬಿಡುತ್ತದೆ. ಬಲ್ಲವರು ಅಲ್ಲಿ ನಿಲ್ಲುತ್ತಾರೆ: ‘ಒಂದು ಪರವಾನಗಿಗೆ ಒಂದು ಹೊತ್ತಿಗೆ ಒಬ್ಬರೇ ಓದುಗರು. ಇಲ್ಲಿ ಒತ್ತಿದರೆ ನಿಮ್ಮ ಹೆಸರು ಸರದಿಗೆ ಸೇರುತ್ತದೆ. ಅವಧಿ ಮುಗಿದರೆ ಪುಸ್ತಕ ತಾನೇ ವಾಪಸಾಗುತ್ತದೆ, ದಂಡವಿಲ್ಲ.’ ದಂಡದ ಭಯಕ್ಕೇ ಕಾರ್ಡು ಮಾಡಿಸದೆ ಉಳಿಯುವವರಿಗೆ ಆ ಕೊನೆಯ ಮಾತೇ ಮುಖ್ಯ.

ಕನ್ನಡ ಪುಸ್ತಕಗಳ ವಿಷಯದಲ್ಲಿ ತೊಡಕು ಇನ್ನೂ ಹೆಚ್ಚು. ಕಿಟ್ಟೆಲ್ ಅವರ ಕನ್ನಡ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಇಂದು ಅದರ ಸ್ಕ್ಯಾನ್ ಪ್ರತಿ ಇಂಟರ್ನೆಟ್ ಆರ್ಕೈವ್‌ನಲ್ಲಿ ಉಚಿತ. ಅಲ್ಲಿನ ಎಷ್ಟೋ ಹಳೆಯ ಕನ್ನಡ ಪುಸ್ತಕಗಳ ಹೆಸರು ಮಾತ್ರ ಇಂಗ್ಲಿಷ್ ಅಕ್ಷರಗಳಲ್ಲಿ, ಅದೂ ವಿಚಿತ್ರ ಕಾಗುಣಿತದಲ್ಲಿ ನಮೂದಾಗಿದೆ. ಕನ್ನಡದಲ್ಲಿ ಟೈಪ್ ಮಾಡಿದವರಿಗೆ ಅವು ಸಿಗುವುದಿಲ್ಲ. ಹಾಗಾಗಿ ವಿಡಿಯೊದಲ್ಲಿ ಮೊದಲು ಕನ್ನಡದಲ್ಲಿ ಹುಡುಕಿ ಸೋಲುವುದನ್ನು ತೋರಿಸಿ, ಆಮೇಲೆ ಇಂಗ್ಲಿಷ್ ಅಕ್ಷರದಲ್ಲಿ ಹುಡುಕಬೇಕು. ಮೊದಲ ಯತ್ನವೇ ಫಲಿಸುವಂತೆ ಕತ್ತರಿಸಿ ಜೋಡಿಸಿದ ವಿಡಿಯೊ ನೋಡಿದವರು, ತಮಗೆ ಸಿಗದಿದ್ದಾಗ ತಪ್ಪು ತಮ್ಮದೇ ಎಂದುಕೊಂಡು ಬಿಟ್ಟುಬಿಡುತ್ತಾರೆ. ನನಗೆ ಸಂಕಟವಾಗುವುದು ಇಲ್ಲೇ.

ಜಾಲತಾಣದ ರೂಪ ಬದಲಾದರೆ ವಿಡಿಯೊ ಹಳತಾಗುತ್ತದೆ ಎಂಬ ಆಕ್ಷೇಪ ಸರಿಯೇ. ಒಂದು ಕೆಲಸಕ್ಕೆ ಎರಡು-ಮೂರು ನಿಮಿಷದ ಒಂದೇ ವಿಡಿಯೊ ಇದ್ದರೆ ಅದನ್ನಷ್ಟೇ ಮತ್ತೆ ಮಾಡಿದರಾಯಿತು. ಪರದೆಯನ್ನು ರೆಕಾರ್ಡ್ ಮಾಡಲು ಓಬಿಎಸ್‌ನಂಥ ಉಚಿತ ತಂತ್ರಾಂಶ ಸಾಕು. ಚಿತ್ರ ಸ್ವಲ್ಪ ಮಸುಕಾದರೂ ನಡೆದೀತು, ದನಿ ಮಾತ್ರ ಸ್ಪಷ್ಟವಿರಬೇಕು.

ಜರ್ಮನಿಯ ಗ್ರಂಥಾಲಯದಲ್ಲಿ ಕನ್ನಡ ಬಲ್ಲ ಸಿಬ್ಬಂದಿ ಎಲ್ಲಿಂದ ಬರಬೇಕು? ಬೇಕಿಲ್ಲ. ಗ್ರಂಥಪಾಲಕರನ್ನು ಪಕ್ಕದಲ್ಲಿ ಕೂರಿಸಿಕೊಂಡು ಅಲ್ಲಿನ ಕನ್ನಡ ಓದುಗರೊಬ್ಬರು ಮಾತಾಡಬಹುದು. ಕರ್ನಾಟಕದಲ್ಲೂ ಅಷ್ಟೆ: 2020ರಲ್ಲಿ ಶುರುವಾದ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯವನ್ನು ಕಲಬುರಗಿಯ ಹಳ್ಳಿಗೆ ಪರಿಚಯಿಸಲು ಅಲ್ಲಿನ ಪಂಚಾಯಿತಿ ಗ್ರಂಥಾಲಯದ ಮೇಲ್ವಿಚಾರಕರ ಮಾತಿನ ಧಾಟಿಯೇ ಸರಿ. ಎಲ್ಲೇ ಆಗಲಿ, ರೆಕಾರ್ಡ್ ಮಾಡಲು ಬೇರೆಯದೇ ಒಂದು ಪರೀಕ್ಷಾ ಖಾತೆ ಇರಲಿ; ಯಾರು ಏನು ಓದುತ್ತಾರೆಂಬುದು ಪರದೆಯ ಮೇಲೆ ಬರಕೂಡದು.