ತಂಗಿಯರ ಸಹಿ ಇದೆಯಾ?

ಗಲ್ಫಿನಲ್ಲಿರುವ ನನ್ನ ಹಳೇ ವಿದ್ಯಾರ್ಥಿಯೊಬ್ಬ ಫೋನ್ ಮಾಡಿದ್ದ. ಮಂಗಳೂರು ಪೇಟೆಯೊಳಗೇ 15 ಸೆಂಟ್ಸ್ ಜಾಗ, ನಡುವೆ ಸಣ್ಣದೊಂದು ಹಂಚಿನ ಮನೆ, ಬಾವಿ, ಎರಡು ಹಲಸಿನ ಮರ. "ಉಸ್ತಾದ್, ಮನೆಗೆ ರೇಟೇ ಹಾಕಿಲ್ಲ, ಜಾಗಕ್ಕೆ ಮಾತ್ರ. ತೆಗೊಳ್ಳಲಾ?"

ತೆಗೊ ಅಂದೆ. 15 ಸೆಂಟ್ಸ್ ಅಂದರೆ ಆರೂವರೆ ಸಾವಿರ ಚದರಡಿ. ಪೇಟೆಯಲ್ಲಿ ಅಷ್ಟು ಜಾಗ ಬಿಲ್ಡರ್‌ಗಳ ಕಣ್ಣು ತಪ್ಪಿಸಿ ಉಳಿದದ್ದೇ ದೊಡ್ಡದು. ಪಕ್ಕಾಸು ಗಟ್ಟಿಯಿದ್ದರೆ ಕೆಡವುವ ಅವಸರವೂ ಬೇಡ, ಒಂದು ಮಳೆಗಾಲ ಕೂತು ನೋಡು. ಆದರೆ ಅಡ್ವಾನ್ಸ್ ಕೊಡುವ ಮೊದಲು ಕೇಳು: ಮಾರುವವರ ತಂಗಿಯರು ಸಹಿ ಹಾಕುತ್ತಾರಾ?

ಹಳೇ ಮನೆ ಹೆಚ್ಚಾಗಿ ತೀರಿಹೋದ ತಂದೆಯದ್ದು. ಅವರ ವಿಧವೆಗೆ ಎಂಟನೇ ಒಂದು ಪಾಲು. ಉಳಿದದ್ದರಲ್ಲಿ ಮಗನಿಗೆ ಎರಡಾದರೆ ಮಗಳಿಗೆ ಒಂದು. ಮದ್ರಸದ ಮಕ್ಕಳಿಗೂ ಗೊತ್ತಿರುವ ಲೆಕ್ಕ. ಆದರೂ "ಮದುವೆಗೆ ಚಿನ್ನ ಕೊಟ್ಟಾಗಿದೆ" ಅಂತ ಗಂಡುಮಕ್ಕಳೇ ಕರಾರು ಮುಗಿಸುವುದುಂಟು. ಚಿನ್ನ ಕೊಟ್ಟರೆ ಪಾಲು ತೀರುವುದಿಲ್ಲ ಮಾರಾಯರೇ! ಋಣಭಾರ ಪತ್ರದಲ್ಲಿ ನೋಂದಣಿಯಾದ ವ್ಯವಹಾರ ಕಾಣುತ್ತದೆ, ತಂಗಿಯ ಹಕ್ಕು ಕಾಣುವುದಿಲ್ಲ. ನಾಳೆ ಕೋರ್ಟಿಗೆ ಅಲೆಯುವವನು ಕೊಂಡವನೇ.

ನಿನ್ನೆ ಅವನದ್ದೇ ಫೋನ್. ಮಾರುವವರಿಗೆ ಮೂವರು ತಂಗಿಯರಂತೆ. ಬ್ರೋಕರ್ ಒಬ್ಬಳು ಅಂದಿದ್ದ.